ಹದಿನಾಲ್ಕು ಮಂದಿಯನ್ನು ಆರಿಸಿದವನು

ಕಮಲಾಕ್ಷ ಸಾಲಿಯಾನ್ ಸೈನ್ಯ ಬಿಟ್ಟು ಬಂದಾಗ ಅವನಿಗೆ ಮೂವತ್ತೇಳು ವರ್ಷ. ಹದಿನೇಳು ವರ್ಷ ಕಾಲಾಳು ಪಡೆಯಲ್ಲಿದ್ದು, ಹವಾಲ್ದಾರನಾಗಿ, ಸರಿಯಾಗಿ ಕೇಳದ ಒಂದು ಎಡಗಿವಿಯನ್ನು ಹೊತ್ತುಕೊಂಡು ಹೆಜಮಾಡಿಯ ಮನೆಗೆ ಬಂದವನು ಅಲ್ಲಿ ಮೂರು ತಿಂಗಳೂ ನಿಲ್ಲಲಿಲ್ಲ. ಅವನ ಹೆಂಡತಿ ಸುಪ್ರೀತಾ ಕುವೈತಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಆಗಲೇ ಆರು ವರ್ಷವಾಗಿತ್ತು. ಮಗಳು ಅನ್ವಿತಾಳೂ ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ಹಾಗಾಗಿ ಉಳಿದ ಗಂಡಸರು ಮೊದಲು ತಾವು ಹೋಗಿ ಆಮೇಲೆ ಹೆಂಡತಿಯನ್ನು ಕರೆಸಿಕೊಂಡರೆ, ಕಮಲಾಕ್ಷ ಹೆಂಡತಿಯ ಇಕಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ, ಮೇಲೆ ಕುವೈತಿಗೆ ಬಂದಿಳಿದ. ಮೊದಲ ವರ್ಷವೆಲ್ಲ ಫರ್ವಾನಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅನ್ನ ಬೇಯಿಸಿದ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ, ಬೆಳಿಗ್ಗೆ ಶಾಲೆಯ ಬಸ್ಸಿನವರೆಗೆ ಅವಳ ಚೀಲ ಹೊತ್ತುಕೊಂಡು ಹೋದ. ಇಸ್ತ್ರಿಯ ಮಡಿಕೆ ಎಷ್ಟು ಚೂಪಾಗಿರುತ್ತಿತ್ತೆಂದರೆ ಶಾಲೆಯ ಟೀಚರು ಅನ್ವಿತಾಳನ್ನು ನಿಲ್ಲಿಸಿ, ಯಾರು ಮಾಡಿಕೊಡುತ್ತಾರೆ ಎಂದು ಕೇಳಿದ್ದರು.

ಆ ಕಿವಿಯ ವಿಷಯ ಅವನು ಯಾರಲ್ಲೂ ಹೇಳುತ್ತಿರಲಿಲ್ಲ. ಗಡಿಯ ಒಂದು ಠಾಣೆಯಲ್ಲಿ ಷೆಲ್ ಬಿದ್ದಾಗ ಅವನ ಎಡಕ್ಕೆ ನಿಂತಿದ್ದವನು ಸತ್ತ, ಇವನ ಎಡಗಿವಿ ಹೋಯಿತು, ಅಷ್ಟೇ. ಹೇಳಬಾರದೆಂಬ ಹಟವೇನೂ ಇರಲಿಲ್ಲ. ಹೇಳಹೊರಟರೆ ಹೇಳುವಂಥದ್ದು ಏನೂ ಸಿಗುತ್ತಿರಲಿಲ್ಲ. ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಅವನು ಫೋನು ಕೆಳಗಿಟ್ಟು, ಒಲೆಯ ಮೇಲಿದ್ದ ಸಾರಿಗೆ ಒಗ್ಗರಣೆ ಹಾಕಿ, ಆಮೇಲೆ ಸುಪ್ರೀತಾಳಿಗೆ ವಿಷಯ ತಿಳಿಸಿದ್ದ. "ಇವರಿಗೆ ಹಲ್ಲು ಕೀಳುವ ಮೊದಲು ಕೊಡ್ತಾರಲ್ಲ, ಆ ಇಂಜೆಕ್ಷನ್ ಕೊಟ್ಟದ್ದು ಇನ್ನೂ ಇಳಿದಿಲ್ಲ," ಎಂದು ಸುಪ್ರೀತಾ ಒಮ್ಮೆ ಗೆಳತಿಯ ಹತ್ತಿರ ಹೇಳಿದ್ದಳು. ಅದು ದೂರಾಗಿರಲಿಲ್ಲ. ನರ್ಸು ರೋಗಿಯ ಬಗ್ಗೆ ಹೇಳುವ ಹಾಗೆ ಹೇಳಿದ್ದಳು.

ಎರಡನೆಯ ವರ್ಷ ಅವನಿಗೆ ಒಂದು ಸೆಕ್ಯೂರಿಟಿ ಕಂಪೆನಿಯಲ್ಲಿ ಗಾರ್ಡ್ ಕೆಲಸ ಸಿಕ್ಕಿತು. ಕಂಪೆನಿ ಅವನನ್ನು ಮೊದಲು ಹಾಕಿದ್ದು ಕುವೈತ್ ಸಿಟಿಯ ಒಂದು ಹಳೆಯ ವ್ಯಾಪಾರಿ ಮನೆತನದವರು ತಮ್ಮ ಬಂಗಲೆಯಲ್ಲೇ ತೆರೆದಿದ್ದ ಮ್ಯೂಸಿಯಮ್ಮಿಗೆ. ಕತ್ತಿ, ಗುರಾಣಿ, ಶಿರಸ್ತ್ರಾಣ, ಕುದುರೆಯ ಜೀನು, ನಾಣ್ಯ ಎಂದು ಐದು ಕೋಣೆ ತುಂಬ ಸಾಮಾನಿತ್ತು. ಮೂರನೆಯ ಕೋಣೆಯ ಬಾಗಿಲಲ್ಲಿ ಕಮಲಾಕ್ಷ ಎರಡು ವರ್ಷ ನಿಂತ. ಈಜಿಪ್ಟಿನಿಂದ ಬಂದಿದ್ದ ನಜ್ಲಾ ಎಂಬ ನಡುವಯಸ್ಸಿನ ಗೈಡ್ ಶಾಲೆಯ ಮಕ್ಕಳನ್ನು ಕರೆತಂದು ಅಲ್ಲಿ ದಿನಕ್ಕೆ ಮೂರು ಸಲ ಒಂದೇ ಕತೆ ಹೇಳುತ್ತಿದ್ದಳು. ಒಂದು ಸಲ ಅರಬ್ಬಿಯಲ್ಲಿ, ಎರಡು ಸಲ ಇಂಗ್ಲಿಷಿನಲ್ಲಿ.

ಮಾಮ್ಲುಕರ ಕತೆ ಅದು. ಕಪ್ಪು ಸಮುದ್ರದ ಆಚೆಯ ಹುಲ್ಲುಗಾವಲಿನ ಹುಡುಗರನ್ನು ವ್ಯಾಪಾರಿಗಳು ಕೊಂಡು ತರುತ್ತಿದ್ದರು. ಹಲ್ಲು ನೋಡುತ್ತಿದ್ದರು, ಮೊಣಕಾಲು ಮಡಿಸಿ ನೋಡುತ್ತಿದ್ದರು, ಹಿಂದೆ ನಿಂತು ಚಪ್ಪಾಳೆ ತಟ್ಟಿ ಕಿವಿ ಕೇಳುತ್ತದೋ ಎಂದು ನೋಡುತ್ತಿದ್ದರು. ಕೈರೋದ ಸುಲ್ತಾನ ಅವರನ್ನು ಕೊಂಡು, ಹೆಸರು ಬದಲಿಸಿ, ಭಾಷೆ ಕಲಿಸಿ, ಕುದುರೆ ಹತ್ತಿಸಿ ಸೈನಿಕರನ್ನಾಗಿ ಮಾಡುತ್ತಿದ್ದ. ತನ್ನ ಊರಿನವರನ್ನು ಸೈನ್ಯಕ್ಕೆ ಸೇರಿಸಿದರೆ ಅವರಿಗೆ ಅಣ್ಣ ತಮ್ಮ ಜಮೀನು ಜಗಳ ಎಲ್ಲ ಇರುತ್ತದೆ. ಇವರಿಗೆ ಯಾರೂ ಇಲ್ಲ, ಕೊಂಡವನೊಬ್ಬನೇ ದಿಕ್ಕು. ಕೊನೆಗೆ ಆ ಗುಲಾಮರೇ ಸುಲ್ತಾನನನ್ನು ಮುಗಿಸಿ ತಾವೇ ಸುಲ್ತಾನರಾದರು ಎನ್ನುವಲ್ಲಿಗೆ ನಜ್ಲಾ ಸ್ವರ ಏರಿಸುತ್ತಿದ್ದಳು, ಮಕ್ಕಳು ಓ ಎನ್ನುತ್ತಿದ್ದರು.

"ಅವರು ಗುಲಾಮರೋ ಸೈನಿಕರೋ?" ಎಂದು ಪ್ರತಿ ಗುಂಪಿನಲ್ಲೂ ಒಂದು ಮಗುವಾದರೂ ಕೇಳುತ್ತಿತ್ತು.

"ಎರಡೂ," ಎನ್ನುತ್ತಿದ್ದಳು ನಜ್ಲಾ.

ಒಂದು ದಿನ ಗುಂಪು ಬರುವುದು ತಡವಾದಾಗ ಅವಳು ಕಮಲಾಕ್ಷನ ಊರು ಕೇಳಿದಳು. ಕರ್ನಾಟಕ ಎಂದದ್ದಕ್ಕೆ ಅವಳ ಮುಖ ಅರಳಿತು. ಬಿಜಾಪುರ ಗೊತ್ತೇ ಎಂದಳು. ಆಫ್ರಿಕಾದಲ್ಲಿ ಕೊಂಡ ಹಬ್ಶಿ ಹುಡುಗರು ಬಾಗ್ದಾದಿನಲ್ಲಿ ಕೈಬದಲಾಗಿ, ಹಡಗು ಹತ್ತಿ ದಖ್ಖನಿಗೆ ಹೋಗಿ, ಬಿಜಾಪುರದ ಸುಲ್ತಾನರಲ್ಲಿ ಸೇನಾಪತಿಗಳಾಗುವವರೆಗೆ ಏರಿದ್ದನ್ನು ಹೇಳಿದಳು. ಕಮಲಾಕ್ಷ ಬಿಜಾಪುರವನ್ನು ನೋಡಿದ್ದು ಏಳನೇ ಕ್ಲಾಸಿನ ಪ್ರವಾಸದಲ್ಲಿ ಮಾತ್ರ. ಗೋಲಗುಮ್ಮಟದಲ್ಲಿ ತನ್ನ ಹೆಸರನ್ನು ಕೂಗಿದ್ದು ನೆನಪಿತ್ತು, ಸೇನಾಪತಿಗಳ ಬಗ್ಗೆ ಏನೂ ಗೊತ್ತಿರಲಿಲ್ಲ.

"ನೀನೂ ಸೈನಿಕನಾಗಿದ್ದೆಯಲ್ಲ?" ಎಂದಳು ನಜ್ಲಾ.

"ನನ್ನದು ನಮ್ಮ ದೇಶದ ಸೈನ್ಯ ಮೇಡಂ," ಎಂದ ಕಮಲಾಕ್ಷ. ಅಷ್ಟರಲ್ಲಿ ಮಕ್ಕಳ ಬಸ್ಸು ಬಂತು.

ಕಂಪೆನಿಗೆ ಅವನ ಶಿಸ್ತು ಹಿಡಿಸಿತು. ಆಪರೇಷನ್ಸ್ ಮ್ಯಾನೇಜರ್ ಆಲ್ರೊಯ್ ಮಂಗಳೂರಿನ ಕುಲಶೇಖರದವನು. ಎಲ್ಲರ ಮಕ್ಕಳ ಹೆಸರನ್ನೂ ನೆನಪಿಟ್ಟುಕೊಳ್ಳುವ, ಕ್ರಿಸ್ಮಸ್ಸಿಗೆ ಎಲ್ಲರಿಗೂ ಕುಸ್ವಾರ್ ತಿಂಡಿ ಹಂಚುವ ಮನುಷ್ಯ. ಅವನು ಕಮಲಾಕ್ಷನನ್ನು ಮ್ಯೂಸಿಯಮ್ಮಿನಿಂದ ತೆಗೆದು ಊರ ಹೊರಗಿನ ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿದ್ದ ಕಂಪೆನಿಯ ಟ್ರೈನಿಂಗ್ ಯಾರ್ಡಿಗೆ ತಂದ. ಅಡುಗೆಮನೆಯ ನಲ್ಲಿ ಸಿಂಕು ಮಾರುವ ದೊಡ್ಡ ಶೋರೂಮಿನ ಹಿಂದೆ ತಗಡಿನ ಒಂದು ಶೆಡ್ಡು, ಎದುರಿಗೆ ಕಾಂಕ್ರೀಟು ಹಾಕಿದ ಅಂಗಳ. ಹೊಸ ಗಾರ್ಡುಗಳಿಗೆ ನಿಲ್ಲುವುದನ್ನು, ಸೆಲ್ಯೂಟನ್ನು, ಬೆಂಕಿ ಆರಿಸುವುದನ್ನು ಕಲಿಸುವುದು ಅವನ ಕೆಲಸ. ನಾಲ್ಕು ವರ್ಷ ಹಾಗೆ ಕಳೆಯಿತು.

ಅಲ್ಲೇ ರೋಶನ್ ಸಿಕ್ಕಿದ್ದು. ಬಜಪೆಯವನು, ಅವನೂ ಸೈನ್ಯದಿಂದ ಬಂದವನು, ಕಮಲಾಕ್ಷನಿಗಿಂತ ಎಂಟು ವರ್ಷ ಚಿಕ್ಕವನು. ಮಿರ್ಕಾಬಿನ ಒಂದು ಆಫೀಸ್ ಕಟ್ಟಡದಲ್ಲಿ ಲಿಫ್ಟಿನ ಎದುರು ಅವನ ಡ್ಯೂಟಿ. ಶುಕ್ರವಾರ ಬೆಳಿಗ್ಗೆ ಫರ್ವಾನಿಯಾಕ್ಕೆ ಬಂದು, ಸುಪ್ರೀತಾಳನ್ನು ಅಡುಗೆಮನೆಯಿಂದ ಆಚೆ ಕಳಿಸಿ, ತಾನೇ ನೀರುದೋಸೆ ಹೊಯ್ಯುತ್ತಿದ್ದ. ದೋಸೆ ಎತ್ತಿ ಹಿಡಿದರೆ ಕಿಟಕಿ ಕಾಣುವಷ್ಟು ತೆಳ್ಳಗೆ. ಅನ್ವಿತಾ ಅವನನ್ನು ರೋಶನ್ ಅಂಕಲ್ ಎನ್ನುತ್ತಿದ್ದಳು. ಅವನು ಕಮಲಾಕ್ಷನನ್ನು ಕೊನೆಯವರೆಗೂ ಸರ್ ಎಂದೇ ಕರೆದ.

ಒಂದು ಫೆಬ್ರವರಿಯಲ್ಲಿ ಆಲ್ರೊಯ್ ಯಾರ್ಡಿಗೆ ಬಂದು ಕಮಲಾಕ್ಷನ ಕೈಯಲ್ಲಿ ಒಂದು ಹಾಳೆ ಇಟ್ಟ.

"ಒಳ್ಳೆ ಕಾಂಟ್ರಾಕ್ಟ್ ಮಾರಾಯ. ಕೆಂಪು ಸಮುದ್ರದ ಆಚೆ ಬದಿ ಚಿನ್ನದ ಗಣಿ. ಆರು ತಿಂಗಳು ಕಾಯ್ಲಿಕ್ಕೆ ಹದಿನಾಲ್ಕು ಜನ ಬೇಕು. ಮಾಜಿ ಸೈನಿಕರೇ ಆಗ್ಬೇಕಂತೆ. ನೀನೇ ಆರಿಸ್ಬೇಕು, ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆ."

ಹಾಳೆಯಲ್ಲಿ ನೋಡಬೇಕಾದದ್ದು ಬರೆದಿತ್ತು. ವಯಸ್ಸು, ತೂಕ, ಕಣ್ಣು, ಎರಡೂ ಕಿವಿ, ಮೊಣಕಾಲು, ಹಲ್ಲು.

"ಹಲ್ಲು ಎಂತಕ್ಕೆ?" ಎಂದ ಕಮಲಾಕ್ಷ.

"ಅಲ್ಲಿ ಡೆಂಟಿಸ್ಟ್ ಇಲ್ಲ ಅಲ್ವಾ."

ಹೆಸರು ಕೊಟ್ಟವರು ನಲವತ್ತಮೂರು ಮಂದಿ. ನೇಪಾಳದವರು, ಬಿಹಾರದವರು, ಕೇರಳದವರು, ಒಬ್ಬ ಶ್ರೀಲಂಕಾದವನು. ಎರಡು ದಿನ ಕಮಲಾಕ್ಷ ಅವರನ್ನು ಅಂಗಳದಲ್ಲಿ ಓಡಿಸಿದ, ಕುಳ್ಳಿರಿಸಿ ಎಬ್ಬಿಸಿದ. ಒಬ್ಬೊಬ್ಬರ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ತಿರುಗುತ್ತಾರೋ ನೋಡಿದ. ಬಾಯಿ ತೆರೆಸಿ ಟಾರ್ಚು ಬಿಟ್ಟ. ಹನ್ನೆರಡನೆಯವನ ಬಾಯಿಯ ಎದುರು ಬಗ್ಗಿದ್ದಾಗ ಅವನಿಗೆ ನಜ್ಲಾಳ ಕತೆ ನೆನಪಾಯಿತು. ಚಪ್ಪಾಳೆ ತಟ್ಟುವ ವ್ಯಾಪಾರಿ ನೆನಪಾದ. ಎದೆಯಲ್ಲಿ ಏನಾದರೂ ಅಲುಗೀತೇ ಎಂದು ಒಂದು ಕ್ಷಣ ಕಾದ. ಏನೂ ಅಲುಗಲಿಲ್ಲ. ದವಡೆಹಲ್ಲು ಸರಿ ಎಂದು ಗುರುತು ಹಾಕಿ ಹದಿಮೂರನೆಯವನನ್ನು ಕರೆದ.

ರೋಶನ್ನನ ಬಲಮೊಣಕಾಲು ಕೂತೇಳುವಾಗ ಟಿಕ್ ಎನ್ನುತ್ತಿದ್ದುದು ಕಮಲಾಕ್ಷನಿಗೆ ಗೊತ್ತಿತ್ತು. ಅವನನ್ನು ಬದಿಗೆ ಕರೆದು, "ನೀನು ಬೇಡ," ಎಂದ.

"ಸರ್, ದಯವಿಟ್ಟು. ಲಿಫ್ಟಿನ ಎದುರು ನಿಂತು ನಿಂತು ನಾನು ಯಾರು ಅಂತಲೇ ಮರ್ತುಹೋಗಿದೆ. ದಿನಕ್ಕೆ ಸಾವಿರ ಸಲ ಆ ಬಾಗಿಲು ತೆರೀತದೆ, ಮುಚ್ತದೆ. ಅದರೊಳಗಿಂದ ಬರುವ ಒಬ್ಬನೂ ನನ್ನ ಮುಖ ನೋಡುದಿಲ್ಲ. ಅಲ್ಲಿ ಕೈಗೆ ಒಂದು ಕೋವಿ ಆದ್ರೂ ಕೊಡ್ತಾರೆ ಸರ್."

ಕಮಲಾಕ್ಷ ಅವನ ಹಾಳೆಯನ್ನು ಎಳೆದುಕೊಂಡ. ಮೊಣಕಾಲಿನ ಎದುರು ಸರಿ ಎಂದು ಬರೆದ.

ಹೊರಡುವ ಹಿಂದಿನ ದಿನ ಶೆಡ್ಡಿನಲ್ಲಿ ಮೇಜು ಹಾಕಿ ಸಹಿ ತೆಗೆದುಕೊಂಡರು. ಒಬ್ಬೊಬ್ಬರಿಗೆ ಎರಡೆರಡು ಹಾಳೆ. ಒಂದು ಇಂಗ್ಲಿಷಿನದು, ಅದರಲ್ಲಿ ಗಣಿ, ಆರು ತಿಂಗಳು, ಊಟ ವಸತಿ ಎಲ್ಲ ಇತ್ತು. ಇನ್ನೊಂದು ಅರಬ್ಬಿಯದು. ಅರಬ್ಬಿಯ ಹಾಳೆಯ ಕೆಳಗೆ ಸಾಕ್ಷಿಯ ಜಾಗದಲ್ಲಿ ಕಮಲಾಕ್ಷ ಹದಿನಾಲ್ಕು ಸಲ ಸಹಿ ಹಾಕಿದ. ಏನು ಬರೆದಿದೆ ಎಂದು ಅವನು ಕೇಳಲಿಲ್ಲ. ಸೈನ್ಯದ ಹದಿನೇಳು ವರ್ಷದಲ್ಲಿ ಅವನು ಯಾವ ಕಾಗದಕ್ಕೂ ಕೇಳಿ ಸಹಿ ಹಾಕಿದವನಲ್ಲ. ಆಲ್ರೊಯ್ ಅವನ ಬೆನ್ನು ತಟ್ಟಿ ಒಂದು ದೊಡ್ಡ ಡಬ್ಬಿ ಖರ್ಜೂರ ಕೊಟ್ಟ. ಒಳಗೆ ಬಾದಾಮಿ ತುಂಬಿದ, ಒಂದೊಂದನ್ನೂ ಬಂಗಾರದ ಕಾಗದದಲ್ಲಿ ಸುತ್ತಿದ ಖರ್ಜೂರ. ಮನೆಯಲ್ಲಿ ಮೂವರೂ ವಾರವಿಡೀ ತಿಂದರು.

ಏಪ್ರಿಲಿನಲ್ಲಿ ಒಂದು ದಿನ, ಹೊರಗೆ ಧೂಳು ಎದ್ದು ಯಾರ್ಡಿನ ಗೋಡೆಯೂ ಕಾಣದಂತಾಗಿ ಎಲ್ಲರೂ ಶೆಡ್ಡಿನೊಳಗೆ ಕೂತಿದ್ದಾಗ, ಕಮಲಾಕ್ಷನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಅವನು ಅದನ್ನು ಬಲಗಿವಿಗೆ ಹಿಡಿದ. ರೋಶನ್. ತುಳುವಿನಲ್ಲಿ, ಪಿಸುಗುಟ್ಟುವ ಸ್ವರದಲ್ಲಿ.

"ಸರ್, ಮುಲ್ಪ ಗಣಿ ಇಜ್ಜಿ. ಯುದ್ಧ ಉಂಡು."

ಇಲ್ಲಿ ಗಣಿ ಇಲ್ಲ, ಯುದ್ಧ ಇದೆ. ಇನ್ನೊಂದು ಗಲ್ಫ್ ಊರಿನ ವಿಮಾನ ನಿಲ್ದಾಣದಲ್ಲಿ ಫೋನು ಪಾಸ್‌ಪೋರ್ಟು ಕಿತ್ತುಕೊಂಡು, ಕಿಟಕಿಯಿಲ್ಲದ ಸರಕು ವಿಮಾನದಲ್ಲಿ ತಂದು ಇಳಿಸಿದರಂತೆ. ಸಮವಸ್ತ್ರ ಕೊಟ್ಟರಂತೆ, ಅದರ ಮೇಲೆ ಯಾವ ದೇಶದ ಗುರುತೂ ಇಲ್ಲ. ಮುತ್ತಿಗೆ ಹಾಕಿದ ಒಂದು ಊರಿನ ಹೊರಗೆ ಕಂದಕದಲ್ಲಿ ಕೂರಿಸಿದ್ದಾರೆ. ಪಕ್ಕದಲ್ಲಿ ದಕ್ಷಿಣ ಅಮೆರಿಕಾದಿಂದ ಬಂದವರಿದ್ದಾರೆ, ಅವರ ಭಾಷೆ ಯಾರಿಗೂ ತಿಳಿಯುವುದಿಲ್ಲ. ಶ್ರೀಲಂಕಾದವನು ಮೊನ್ನೆ ಹೋದ. ಬರುವುದಿಲ್ಲ ಎಂದ ಬಿಹಾರದ ಇಬ್ಬರನ್ನು ಎಲ್ಲಿಗೋ ಕರೆದುಕೊಂಡು ಹೋದರು. ಯಾರೊಡನೆ ಹೋರಾಡುತ್ತಿದ್ದೇವೆ ಅಂತ ಗೊತ್ತಿಲ್ಲ ಸರ್, ಎಂದು ಹೇಳಿ ಮೆಸೇಜ್ ನಿಂತಿತ್ತು.

ಕಮಲಾಕ್ಷ ಅದನ್ನು ಮೂರು ಸಲ ಕೇಳಿದ. ಶೆಡ್ಡಿನಲ್ಲಿದ್ದ ಹೊಸ ಗಾರ್ಡುಗಳಿಗೆ ಬೆಂಕಿ ಆರಿಸುವ ಸಿಲಿಂಡರ್ ತೋರಿಸಿ ಪಾಠ ಮುಗಿಸಿದ. ಆಮೇಲೆ ಆಲ್ರೊಯ್‌ನ ಆಫೀಸಿಗೆ ಹೋದ.

ಆಲ್ರೊಯ್ ಮೆಸೇಜ್ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದ.

"ನನಗೂ ಗಣಿ ಅಂತಲೇ ಹೇಳಿದ್ದು ಕಮಲಾಕ್ಷ. ದೇವರಾಣೆ."

"ಈಗ ಎಂತ ಮಾಡುದು?"

"ಮಾಡುದು ಅಂದ್ರೆ... ಅವರು ಈಗ ನಮ್ಮವರಲ್ಲ. ನಮ್ಮ ರೋಲಿನಲ್ಲೇ ಇಲ್ಲ. ರಿಸೈನ್ ಮಾಡಿ ಹೋಗಿದ್ದಾರೆ. ಖಲಾಸ್."

"ಯಾವಾಗ ರಿಸೈನ್ ಮಾಡಿದ್ದು?"

"ನೀನೇ ಸಾಕ್ಷಿ ಹಾಕಿದ್ದಲ್ಲ ಮಾರಾಯ," ಎಂದ ಆಲ್ರೊಯ್. ಹೇಳುವಾಗ ಅವನ ಸ್ವರದಲ್ಲಿ ಬೆದರಿಕೆ ಇರಲಿಲ್ಲ, ದಣಿವಿತ್ತು.

ಮಿರ್ಕಾಬಿನಲ್ಲಿ ಅಬ್ದುಲ್ ನಾಸಿರ್ ಎಂಬವರ ಟೈಪಿಂಗ್ ಸೆಂಟರ್ ಇತ್ತು. ಉಳ್ಳಾಲದ ಬ್ಯಾರಿ, ಮೂವತ್ತು ವರ್ಷದಿಂದ ಅರ್ಜಿಗಳನ್ನು ಅರಬ್ಬಿಗೆ ತಿರುಗಿಸಿ ಟೈಪು ಮಾಡುತ್ತ ಬಂದವರು. ಕಮಲಾಕ್ಷ ಸಹಿ ಹಾಕುವ ದಿನ ತನ್ನ ದಾಖಲೆಗೆಂದು ಅರಬ್ಬಿಯ ಒಂದು ಹಾಳೆಯ ಫೋಟೋ ತೆಗೆದಿಟ್ಟುಕೊಂಡಿದ್ದ. ಸೈನ್ಯದ ಅಭ್ಯಾಸ ಅದು. ನಾಸಿರ್ ಆ ಫೋಟೋವನ್ನು ದೊಡ್ಡದು ಮಾಡಿ ಓದಿದರು.

"ಕಮಲಾಕ್ಷಣ್ಣ, ಇದ್ರಲ್ಲಿ ಏನುಂಟು ಅಂದ್ರೆ, ನಾನು ನನ್ನ ಇಷ್ಟದಿಂದ ಈ ಕಂಪೆನಿ ಬಿಡ್ತಾ ಇದ್ದೇನೆ, ಬೇರೆ ಕಡೆ ಆಯುಧದ ಕೆಲ್ಸಕ್ಕೆ ಹೋಗ್ತಾ ಇದ್ದೇನೆ, ಜೀವಕ್ಕೆ ಏನಾದ್ರೂ ಆದ್ರೆ ಯಾರೂ ಜವಾಬ್ದಾರರಲ್ಲ ಅಂತ."

"ಆಯುಧದ ಕೆಲಸ ಅಂತ ಬರ್ದಿದೆಯಾ?"

"ಬರ್ದಿದೆ. ಮತ್ತೆ ಕೆಳಗೆ ನಿಮ್ಮದು. ಮೇಲೆ ಹೇಳಿದ್ದನ್ನೆಲ್ಲ ನಾನು ಇವನಿಗೆ ಇವನ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ, ಇವನಿಗೆ ಅರ್ಥ ಆಗಿದೆ. ಸಹಿ, ಕಮಲಾಕ್ಷ ಸಾಲಿಯಾನ್."

ಹೊರಗೆ ಯಾರೋ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಅವಸರ ಮಾಡುತ್ತಿದ್ದರು. ನಾಸಿರ್ ಒಂದು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು. ಕಮಲಾಕ್ಷ ಕುಡಿದ. ಬಿಸಿ ಇತ್ತು, ಸಿಹಿ ಇತ್ತು, ಅದು ಗೊತ್ತಾಯಿತು.

"ದೂರು ಕೊಡ್ಬೇಕು," ಎಂದ.

"ಕೊಡ್ಬಹುದು. ಎಂಬೆಸಿಗೆ ಒಂದು, ಇಲ್ಲಿಯ ಲೇಬರ್ ಆಫೀಸಿಗೆ ಒಂದು. ಆದ್ರೆ ಕೊಟ್ರೆ ಮೊದಲು ಸಿಕ್ಕಿಬೀಳುದು ನೀವು. ಕಂಪೆನಿ ಹೇಳ್ತದೆ, ಇವನೇ ಎಲ್ಲ ವಿವರಿಸಿದ್ದು ಅಂತ. ಯೋಚನೆ ಮಾಡಿ. ಮನೇಲಿ ಕೇಳಿ."

ಅವನು ಮನೆಯಲ್ಲಿ ಹೇಳಿದ್ದು ಮರುದಿನ ಮಧ್ಯಾಹ್ನ, ಊಟಕ್ಕೆ ಕೂತಾಗ. ಅಂದು ತಾಯಿಯ ಸಾವಿನ ಸುದ್ದಿ ಹೇಳಿದ ಹಾಗೆಯೇ ಕ್ರಮವಾಗಿ ಹೇಳಿದ. ನಲವತ್ತಮೂರು ಜನ, ಎರಡು ದಿನ, ಹದಿನಾಲ್ಕು ಸಹಿ, ರೋಶನ್ನನ ಮೆಸೇಜು. ಅನ್ವಿತಾ ಆಗ ಹನ್ನೊಂದನೇ ಕ್ಲಾಸು. ತಟ್ಟೆಯಿಂದ ಕೈ ತೆಗೆದು ಅಪ್ಪನನ್ನೇ ನೋಡುತ್ತಿದ್ದಳು.

"ಪಪ್ಪಾ, ಡಿಡ್ ಯೂ ನೋ?"

"ಇಲ್ಲ."

"ಡಿಡ್ ಯೂ ಆಸ್ಕ್?"

ಕಮಲಾಕ್ಷ ಅನ್ನ ಕಲಸಿದ. "ಇಲ್ಲ," ಎಂದ.

"ಸೋ ಯೂ ಜಸ್ಟ್... ಪಿಕ್ಡ್ ದೆಮ್."

"ಹೌದು. ಆರಿಸಿದೆ."

ಅವಳು ಎದ್ದು ಕೋಣೆಗೆ ಹೋದಳು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದಳು. ಸುಪ್ರೀತಾ ಮಗಳ ತಟ್ಟೆಯನ್ನು ಮುಚ್ಚಿಟ್ಟಳು. ತನ್ನ ಕೆಲಸ, ಮಗಳ ಶಾಲೆ, ಗಂಡನನ್ನು ಗಡೀಪಾರು ಮಾಡಿದರೆ ಏನು ಎಂದೆಲ್ಲ ಅವಳ ಮನಸ್ಸಿನಲ್ಲಿ ಹಾದುಹೋದದ್ದು ಮುಖದಲ್ಲೇ ಕಾಣುತ್ತಿತ್ತು.

"ರೋಶನ್ನನ ಅಮ್ಮನ ನಂಬರ್ ನನ್ನ ಹತ್ರ ಉಂಟು," ಎಂದಳು ಕೊನೆಗೆ. "ದೂರು ಬರೆದಾದ ಮೇಲೆ ಹೇಳಿ. ನಾನು ಮಾತಾಡ್ತೇನೆ."

ನಾಸಿರ್ ದೂರನ್ನು ಟೈಪು ಮಾಡಿದರು. ಅದರ ಮೊದಲ ಸಾಲಿನಲ್ಲೇ ಕಮಲಾಕ್ಷ ತಾನು ಸಾಕ್ಷಿ ಹಾಕಿದ್ದನ್ನೂ, ಏನನ್ನೂ ವಿವರಿಸಲಿಲ್ಲವೆಂಬುದನ್ನೂ, ತನಗೆ ಅರಬ್ಬಿ ಓದಲು ಬಾರದೆಂಬುದನ್ನೂ ಬರೆಸಿದ. ಎಂಬೆಸಿಯಲ್ಲಿ ಕನ್ನಡಕದ ಯುವಕನೊಬ್ಬ ಗೌರವದಿಂದ ತೆಗೆದುಕೊಂಡ. ಆ ದೇಶದಲ್ಲಿ ಯುದ್ಧವಾಗಿ ನಮ್ಮ ಆಫೀಸು ಬೇರೆ ಕಡೆ ಹೋಗಿದೆ, ಅಲ್ಲಿಗೆ ಕಳಿಸುತ್ತೇವೆ ಎಂದ. ಲೇಬರ್ ಆಫೀಸಿನಲ್ಲಿ ಒಂದು ನಂಬರು ಕೊಟ್ಟರು. ಒಂದು ವಾರ ಕಳೆದು ಕಂಪೆನಿ ಅವನನ್ನು ಕೆಲಸದಿಂದ ತೆಗೆಯಿತು. ಯಾರ್ಡಿನ ಬೀಗದ ಕೈಯನ್ನೂ ಸೀಟಿಯನ್ನೂ ಅವನು ಎಣಿಸಿ ಒಪ್ಪಿಸಿದ.

ಆಮೇಲೆ ಅವನು ಮಾಡಿದ ಕೆಲಸ ಒಂದೇ. ರೋಶನ್ನನ ಅಮ್ಮನ ಹತ್ತಿರ ಸುಪ್ರೀತಾ ಮಾತಾಡಿದ್ದಳು, ಉಳಿದ ಹದಿಮೂರು ಮನೆಗಳಿಗೂ ಅವನೇ ಫೋನು ಮಾಡಿದ. ಗೂರ್ಖಾ ಗೆಳೆಯರಿಂದ, ಕ್ಯಾಂಪಿನ ರೂಮ್‌ಮೇಟುಗಳಿಂದ ಒಂದೊಂದೇ ನಂಬರು ಹುಡುಕಿದ. ಸುಪ್ರೀತಾ ಡ್ಯೂಟಿಗೆ, ಅನ್ವಿತಾ ಶಾಲೆಗೆ ಹೋದ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಕೂರುತ್ತಿದ್ದ. ಹಿಂದಿಯಲ್ಲಿ, ಅದು ನಡೆಯದ ಕಡೆ ಇಂಗ್ಲಿಷಿನಲ್ಲಿ, ಒಂದೇ ರೀತಿ ಶುರುಮಾಡುತ್ತಿದ್ದ. ನಾನು ಕಮಲಾಕ್ಷ, ಕುವೈತಿನಿಂದ. ನಿಮ್ಮವರನ್ನು ಆರಿಸಿದ್ದು ನಾನು. ಕೆಲವರು ಬೈದರು. ಒಬ್ಬಳು ಹೆಂಗಸು ಉಗಿದ ಸದ್ದು ಕೇಳಿಸಿತು. ಪೊಖರಾದ ಒಬ್ಬ ಮುದುಕ, ನೀವಾದರೂ ಫೋನು ಮಾಡಿದಿರಿ ಬಾಬು, ಎಂದು ಹೇಳಿ ಅತ್ತ. ಕಮಲಾಕ್ಷ ಎಲ್ಲವನ್ನೂ ಒಂದೇ ರೀತಿ ಕೇಳಿಸಿಕೊಂಡ. ಪ್ರತಿಯೊಬ್ಬರ ಪಾಸ್‌ಪೋರ್ಟ್ ನಂಬರು, ಫೋಟೋ, ಕೊನೆಯ ಮೆಸೇಜು ತರಿಸಿಕೊಂಡು ನಾಸಿರ್ ಕೈಲಿ ಕೊಟ್ಟ. ಅವರು ಅದನ್ನು ಪತ್ರಿಕೆಯವರಿಗೆ, ಸಂಸದರಿಗೆ, ಕಾಠ್ಮಂಡುವಿಗೆ, ಕೊಲಂಬೋಗೆ, ಯಾರ ಇಮೇಲ್ ಸಿಕ್ಕಿದರೆ ಅವರಿಗೆ ಕಳಿಸಿದರು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದ ಅನ್ವಿತಾ ಚೀಲ ಇಳಿಸದೆ ಅವನ ಹಿಂದೆ ನಿಂತಿದ್ದಳು. ಅವನ ಎಡಗಡೆ ನಿಂತಿದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ಅವನು ಫೋನಿನಲ್ಲಿ, ಹೌದಮ್ಮ, ತಪ್ಪು ನನ್ನದೇ, ಎನ್ನುತ್ತಿದ್ದ. ಫೋನಿಟ್ಟು ತಿರುಗಿದಾಗ ಅವಳು ಅವನ ತಟ್ಟೆಗೆ ಅನ್ನ ಬಡಿಸಿ ಇಟ್ಟಿದ್ದಳು.

"ಈಟ್ ಫಸ್ಟ್," ಎಂದಳು. ಅವರಿಬ್ಬರ ನಡುವೆ ಆ ವಿಷಯದ ಮಾತು ಅಷ್ಟಕ್ಕೇ ಮುಗಿಯಿತು.

ಎಂಟು ತಿಂಗಳ ಬಳಿಕ ಒಂಬತ್ತು ಜನ ಹಿಂದಿರುಗಿದರು. ಆ ಕಡೆಯ ಒಂದು ಪರಿಹಾರ ಸಂಸ್ಥೆ ಅವರನ್ನು ಬಂದರಿನವರೆಗೆ ತಲುಪಿಸಿತಂತೆ. ಯಾವ ಇಮೇಲಿನಿಂದ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಮೂವರು ಸತ್ತದ್ದು ಖಚಿತವಾಯಿತು. ಬಿಹಾರದ ಆ ಇಬ್ಬರ ಸುದ್ದಿ ಇವತ್ತಿಗೂ ಇಲ್ಲ. ರೋಶನ್ ಬದುಕಿ ಬಂದ. ಎಡಗೈಯ ಎರಡು ಬೆರಳು ಇರಲಿಲ್ಲ. ಬಜಪೆಯಿಂದ ವೀಡಿಯೋ ಕಾಲ್ ಮಾಡಿ ಆ ಕೈಯನ್ನೇ ಬೀಸಿದ. ಸುಪ್ರೀತಾ ಅತ್ತಳು. ಕಮಲಾಕ್ಷ, ಊಟ ಆಯ್ತಾ ಎಂದು ಕೇಳಿದ.

ದೂರಿನ ವಿಚಾರಣೆ ನಡೆಯಿತು. ಕಮಲಾಕ್ಷನನ್ನು ನಾಲ್ಕು ಸಲ ಕರೆಸಿ ಕೇಳಿದರು, ನಾಲ್ಕು ಸಲವೂ ಅವನು ಅದನ್ನೇ ಹೇಳಿದ. ಮೇಲೆ ಏನು ತೀರ್ಮಾನವಾಯಿತೋ ಅವನಿಗೆ ತಿಳಿಸಲಿಲ್ಲ. ಕಂಪೆನಿಯ ಹೆಸರಿನ ಬೋರ್ಡು ಬದಲಾಯಿತು. ಆಲ್ರೊಯ್ ಇನ್ನೊಂದು ದೇಶದ ಆಫೀಸಿಗೆ ಹೋದ, ಹೋಗುವ ಮೊದಲು ಒಂದು ಮೆಸೇಜು ಹಾಕಿದ್ದ. ಅನ್ವಿತಾಳ ಪರೀಕ್ಷೆಗೆ ಆಲ್ ದಿ ಬೆಸ್ಟ್. ಕಮಲಾಕ್ಷನನ್ನು ಯಾರೂ ಗಡೀಪಾರು ಮಾಡಲಿಲ್ಲ. ಹೆಂಡತಿಯ ಇಕಾಮಾಕ್ಕೆ ಮರಳಿ, ಏಳು ತಿಂಗಳು ಮನೆಯಲ್ಲಿದ್ದು, ಆಮೇಲೆ ಮಿರ್ಕಾಬಿನ ಒಂದು ಪಾರ್ಕಿಂಗ್ ಕಟ್ಟಡದಲ್ಲಿ ಕೆಲಸಕ್ಕೆ ಸೇರಿದ. ಕಾರು ಬಂದರೆ ಚೀಟಿ ಕೊಡುವುದು, ಹೋಗುವಾಗ ಅಡ್ಡಗಂಬ ಎತ್ತುವುದು.

ಹೋದ ಸೆಪ್ಟೆಂಬರಿನಲ್ಲಿ ರೋಶನ್ ಫೋನು ಮಾಡಿದ. ಊರಿನಲ್ಲಿ ಒಂದು ಮಾಲಿನ ಗೇಟಿನಲ್ಲಿ ನಿಂತಿದ್ದೇನೆ ಎಂದ. ಅಮ್ಮ ಚೆನ್ನಾಗಿದ್ದಾರೆ ಎಂದ. ಆಮೇಲೆ, "ಸರ್, ಒಂದು ಉಪಕಾರ ಆಗ್ಬೇಕಿತ್ತು," ಎಂದ.

"ಹೇಳು."

"ಉತ್ತರದ ಕಡೆ ಇನ್ನೊಂದು ದೇಶ ಉಂಟಲ್ಲ, ಅಲ್ಲಿ ಸೇನೆಗೆ ಹೊರಗಿನವರನ್ನು ತಗೊಳ್ತಾರಂತೆ. ಎರಡು ಬೆರಳು ಇಲ್ಲದಿದ್ರೂ ಅಡ್ಡಿ ಇಲ್ಲ, ಕೋವಿ ಬಲಗೈಲಿ ಹಿಡೀಲಿಕ್ಕೆ ಆಗ್ತದೆ ಅಂತ ಹೇಳಿದ್ರು. ನಿಮ್ದೊಂದು ಲೆಟರ್ ಬೇಕು ಸರ್. ನನಗೆ ಟ್ರೈನಿಂಗ್ ಕೊಟ್ಟದ್ದು ನೀವು ಅಂತ."

ಕಮಲಾಕ್ಷ ಚೀಟಿಯ ಕಿಟಕಿಯ ಹಿಂದೆ ಕೂತಿದ್ದ. ಒಂದು ಕಾರು ಬಂದು ಹಾರ್ನ್ ಮಾಡಿತು. ಚೀಟಿ ಕೊಟ್ಟು ಕಳಿಸಿದ.

"ಕೊಡುದಿಲ್ಲ," ಎಂದ.

"ಸರ್, ನೀವು ಕೊಡದಿದ್ರೆ ಬೇರೆ ಯಾರಾದ್ರೂ ಕೊಡ್ತಾರೆ."

"ಗೊತ್ತು. ನಾನು ಕೊಡುದಿಲ್ಲ. ನೀನು ಅದರ ಕಾಗದ ಕಳಿಸು. ಸಹಿ ಹಾಕುವ ಮೊದಲು ಕಳಿಸು."

ರೋಶನ್ ಕಳಿಸಿದ. ಇಪ್ಪತ್ತೊಂದು ಪುಟ, ಅವರಲ್ಲಿ ಯಾರೂ ಕಂಡಿರದ ಲಿಪಿಯಲ್ಲಿ. ನಾಸಿರ್ ತಮಗೆ ಗೊತ್ತಿದ್ದ ಒಬ್ಬ ಭಾಷಾಂತರಕಾರನನ್ನು ಹಿಡಿದು ಅದನ್ನು ಇಂಗ್ಲಿಷಿಗೆ ತರಿಸಿದರು. ಅನ್ವಿತಾ ಒಂದು ಶನಿವಾರವಿಡೀ ಅಪ್ಪನ ಪಕ್ಕ, ಬಲಗಡೆ, ಕೂತು ಕಷ್ಟದ ಸಾಲುಗಳನ್ನು ಬಿಡಿಸಿ ಹೇಳಿದಳು. ಕಮಲಾಕ್ಷ ಅದನ್ನು ತುಳುವಿನಲ್ಲಿ, ಒಂದೊಂದು ಪುಟಕ್ಕೆ ಒಂದೊಂದರಂತೆ, ಇಪ್ಪತ್ತೊಂದು ವಾಯ್ಸ್ ಮೆಸೇಜ್ ಮಾಡಿ ಕಳಿಸಿದ. ಎಲ್ಲಿ ಹಾಕುತ್ತಾರೆ, ಎಷ್ಟು ಕಾಲ ಬಿಡುವುದಿಲ್ಲ, ಸತ್ತರೆ ದೇಹ ಬರುತ್ತದೋ ಇಲ್ಲವೋ, ಓಡಿಹೋದರೆ ಏನು ಶಿಕ್ಷೆ, ಎಲ್ಲ ಹೇಳಿದ. ಸ್ವರ ಏರಿಸಲಿಲ್ಲ, ಇಳಿಸಲಿಲ್ಲ. ಹೋಗಬೇಡ ಎಂದು ಕೊನೆಯ ಮೆಸೇಜಿನಲ್ಲಿ ಒಂದೇ ಸಲ ಹೇಳಿದ.

ಇಪ್ಪತ್ತೊಂದನ್ನೂ ರೋಶನ್ ಕೇಳಿದ ಗುರುತು ನೀಲಿಯಾಗಿ ಬಂತು. ಮೂರು ದಿನ ಉತ್ತರ ಇರಲಿಲ್ಲ. ನಾಲ್ಕನೆಯ ದಿನ ಬಂತು.

"ಎಲ್ಲ ಕೇಳಿದೆ ಸರ್. ಯಾರೂ ಇಷ್ಟು ವಿವರವಾಗಿ ಹೇಳಿರ್ಲಿಲ್ಲ. ಹೋಗ್ತೇನೆ. ಈ ಸಲ ಗೊತ್ತಿದ್ದು ಹೋಗ್ತೇನೆ. ಅಮ್ಮನಿಗೆ ಮಾಲಿನ ಕೆಲಸ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಯ್ತು ಅಂತ ಹೇಳಿದ್ದೇನೆ. ನೀವು ಹೇಳ್ಬೇಡಿ."

ಕಮಲಾಕ್ಷ ಅದನ್ನು ಓದಿದಾಗ ಬೆಳಗಿನ ಹತ್ತು ಗಂಟೆ. ಆಫೀಸಿನವರ ಕಾರುಗಳು ಒಂದರ ಹಿಂದೆ ಒಂದು ನಿಂತಿದ್ದವು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಸುಪ್ರೀತಾಳಿಗೆ ಫೋನು ಮಾಡಿ ರೋಶನ್ನನ ಅಮ್ಮನ ನಂಬರು ಕೇಳಿದ.

"ಎಂತ ಹೇಳ್ತೀರಿ ಅವರಿಗೆ?"

"ಇದ್ದದ್ದು ಹೇಳ್ತೇನೆ."

ಹೇಳಿದ. ಆ ಹೆಂಗಸು ಮಗನ ಕೈ ಹಿಡಿದಳೋ, ಮಗ ಬಿಡಿಸಿಕೊಂಡನೋ ಗೊತ್ತಿಲ್ಲ. ಅಕ್ಟೋಬರಿನಲ್ಲಿ ರೋಶನ್ ಹೋದ. ಹೋಗುವ ಮೊದಲು ಕಮಲಾಕ್ಷನ ನಂಬರನ್ನು ಬ್ಲಾಕ್ ಮಾಡಿದ್ದ. ಅವನ ಅಮ್ಮ ಈಗ ತಿಂಗಳಿಗೊಮ್ಮೆ ತಾವಾಗಿಯೇ ಫರ್ವಾನಿಯಾಕ್ಕೆ ಫೋನು ಮಾಡುತ್ತಾರೆ. ಕಮಲಾಕ್ಷ ಫೋನನ್ನು ಬಲಗಿವಿಗೆ ಹಿಡಿದು, ಅವರು ಸಾಕೆನ್ನುವವರೆಗೆ ಕೇಳಿಸಿಕೊಳ್ಳುತ್ತಾನೆ.